ಕರಿ ಕುಪ್ಯ, ಬೆಳ್ಳಿ ಪೀಚೆಕತ್ತಿ, ಕೆಂಪು ನೆಲ: ಮಡಿಕೇರಿಯ ಒಂದು ಕೋಣೆಗೆ ಫ್ಲಾಶ್ ಜೋಡಿಸಿದ ದಿನಚರಿ

ಹಂಚಿನ ಮನೆಯ ಮುಂದಿನ ಕೋಣೆ. ಉದ್ದ 14 ಅಡಿ, ಅಗಲ 11 ಅಡಿ. 9 ಅಡಿ ಎತ್ತರದಲ್ಲಿ ಹಲಗೆಯ ಮುಚ್ಚಿಗೆ. ಗೋಡೆಗೆ ತಿಳಿಹಳದಿ ಬಣ್ಣ, ನೆಲ ರೆಡ್ ಆಕ್ಸೈಡ್. ಇಲ್ಲಿ ಆಗಬೇಕಾದ ಕೆಲಸ ಕೊಡವ ಉಡುಪಿನ (ಗಂಡಸರ ಉದ್ದ ಕೋಟು ಕುಪ್ಯ, ಸೊಂಟಕ್ಕೆ ಸಿಕ್ಕಿಸುವ ಕತ್ತಿ ಪೀಚೆಕತ್ತಿ) ಪೋರ್ಟ್ರೇಟ್: ಒಬ್ಬರು, ಜೋಡಿ, ಹೆಚ್ಚೆಂದರೆ ಆರು ಜನರ ಕುಟುಂಬ. ನಡುನಡುವೆ ಜೇನಿನ ಬಾಟಲಿ, ಕಾಫಿಪುಡಿ ಪ್ಯಾಕೆಟ್. ಕ್ಯಾಮೆರಾ ಎಪಿಎಸ್-ಸಿ (ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕ) ಸೆನ್ಸರಿನದು, ಲೆನ್ಸ್ 35 ಮತ್ತು 50 ಮಿ.ಮೀ.

ಇಷ್ಟು ಚಿಕ್ಕ ಕೋಣೆಯಲ್ಲಿ ಫ್ಲಾಶಿನ ಶಕ್ತಿ ಸಾಲದೆ ಕೆಲಸ ನಿಂತದ್ದು ಒಂದು ಸಲವೂ ಇಲ್ಲ. ಬೆಳಕು ಬೇಡದ ಕಡೆ ಚೆಲ್ಲಿ ಕೆಟ್ಟದ್ದೇ ಎಲ್ಲ ಸಲ. ಇದು ಗೊತ್ತಾಗುವ ಮೊದಲೇ ಅರ್ಧ ದುಡ್ಡು ಖರ್ಚಾಗಿತ್ತು. ಆದ್ದರಿಂದ ತಪ್ಪುಗಳನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಂತ 1, ಮೇ 4: ಅಳತೆ

ಏನನ್ನೂ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಬೇಕು. ತಲೆಯಿಂದ ಪಾದದವರೆಗೆ ಆಳನ್ನು ಸ್ವಲ್ಪ ಜಾಗ ಬಿಟ್ಟು ಹಿಡಿಯಲು ಚೌಕಟ್ಟಿನ ಎತ್ತರ 2.1 ಮೀಟರ್ ಬೇಕು. ಎಪಿಎಸ್-ಸಿ ಮೇಲೆ 35 ಮಿ.ಮೀ. ಲೆನ್ಸಿಗೆ ಅದು ಸಿಗುವುದು ಸುಮಾರು 3.1 ಮೀಟರ್ ದೂರದಿಂದ. ಆಳಿನ ಹಿಂದೆ ಹಿನ್ನೆಲೆಗೆ 1.5 ಮೀಟರ್, ಹಿನ್ನೆಲೆಯ ಸ್ಟ್ಯಾಂಡಿಗೆ 20 ಸೆಂ.ಮೀ. ಒಟ್ಟು 4.8 ಮೀಟರ್. ಕೋಣೆ ಇರುವುದು 4.27. ಹಾಗಾಗಿ ನಿಂತ ಪೂರ್ತಿ ಚಿತ್ರಕ್ಕೆ ಬಾಗಿಲು ತೆರೆದು ಟ್ರೈಪಾಡನ್ನು ಜಗಲಿಗೆ ಎರಡು ಅಡಿ ಹೊರಗಿಡುವುದೊಂದೇ ದಾರಿ. ಸೊಂಟದ ಮೇಲಿನ ಚಿತ್ರಕ್ಕೆ 50 ಮಿ.ಮೀ. ಒಳಗೇ ಸಾಕು.

ಎತ್ತರದ ಲೆಕ್ಕ ಇನ್ನೂ ಬಿಗಿ. 9 ಅಡಿ ಎಂದರೆ 2.74 ಮೀಟರ್. 120 ಸೆಂ.ಮೀ. ಆಕ್ಟಾಬಾಕ್ಸನ್ನು (ಫ್ಲಾಶಿಗೆ ಹಾಕುವ ಎಂಟು ಮೂಲೆಯ ಬಟ್ಟೆಯ ಪೆಟ್ಟಿಗೆ, ಮುಂದೆ ಬರೀ ಆಕ್ಟಾ) ಮುಖಕ್ಕಿಂತ ಸ್ವಲ್ಪ ಮೇಲಿಟ್ಟು ಕೆಳಗೆ ಬಾಗಿಸಿದರೆ ಅದರ ಮೇಲಂಚು ಮುಚ್ಚಿಗೆಗೆ ತಾಗುತ್ತದೆ. 90 ಸೆಂ.ಮೀ.ನದು ಆರಾಮವಾಗಿ ಓಡಾಡುತ್ತದೆ. 120ರ ಆಸೆ ಅಲ್ಲಿಗೇ ಬಿಟ್ಟದ್ದು ಒಳ್ಳೆಯದೇ ಆಯಿತು.

ಹಂತ 2, ಮೇ 11: ಹೆಡ್ ಆಯ್ಕೆ, ಮೊದಲ ತಪ್ಪು

ಕರೆಂಟಿನಲ್ಲಿ ನಡೆಯುವ, 400 ಜೂಲ್ ಶಕ್ತಿಯ ಎರಡು ಹೆಡ್ (ಫ್ಲಾಶ್ ದೀಪ) ಕೊಂಡದ್ದಾಯಿತು. ಒಂದಕ್ಕೆ 12,500 ರೂಪಾಯಿ. ಮಾಡಿಫೈಯರ್ (ಕೊಡೆ, ಬಟ್ಟೆಯ ಪೆಟ್ಟಿಗೆಯಂಥ, ಬೆಳಕನ್ನು ತಿದ್ದುವ ಸಾಮಾನು) ಸಿಕ್ಕಿಸುವ ಬಾಯಿ, ಅಂದರೆ ಮೌಂಟ್, ಬೋವೆನ್ಸ್ ಎಸ್ ಮಾದರಿಯದು. ಈ ಆಯ್ಕೆ ಸರಿ: ಬೋವೆನ್ಸ್ ಕಂಪನಿ 2017ರಲ್ಲಿ ಮುಚ್ಚಿದರೂ ಅದರ ಮೌಂಟ್ ಬೇರೆ ಬೇರೆ ತಯಾರಕರ ಕೈಯಲ್ಲಿ ಉಳಿದಿದೆ, ಸಾಫ್ಟ್‌ಬಾಕ್ಸ್ ಯಾರದಾದರೂ ಕೂರುತ್ತದೆ. ತಯಾರಕರದೇ ಸ್ವಂತ ಮೌಂಟ್ ಇರುವ ಹೆಡ್ ಅಗ್ಗಕ್ಕೆ ಸಿಕ್ಕರೂ ಬೇಡ. ಮಾಡಿಫೈಯರ್ ಹಾಳಾದ ದಿನ ಇನ್ನೊಂದು ಸಿಗುವುದಿಲ್ಲ.

ತಪ್ಪಾದದ್ದು ಶಕ್ತಿಯ ವಿಷಯದಲ್ಲಿ. 400 ಎಂಬ ಅಂಕಿ ನೋಡಿ ಕೊಂಡೆ, ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಲಿಲ್ಲ. ಈ ಹೆಡ್ಡುಗಳು ಪೂರ್ತಿ ಶಕ್ತಿಯ 1/16ಕ್ಕಿಂತ ಕೆಳಗೆ ಹೋಗುವುದಿಲ್ಲ. 90 ಸೆಂ.ಮೀ. ಆಕ್ಟಾ ಹಾಕಿ 1.2 ಮೀಟರಿನಲ್ಲಿಟ್ಟರೆ 1/16ರಲ್ಲೂ ಐಎಸ್‌ಒ 100ಕ್ಕೆ ಎಫ್ 5 ಬರುತ್ತದೆ (ಎಫ್ ಅಂಕಿ ಲೆನ್ಸಿನ ಕಿಂಡಿಯದು, ದೊಡ್ಡದಾದಷ್ಟು ಕಿಂಡಿ ಕಿರಿದು; ಐಎಸ್‌ಒ ಸೆನ್ಸರಿನ ಸೂಕ್ಷ್ಮತೆಯದು). ಎಫ್ 2.8ರಲ್ಲಿ ಮುಖ ಮಾತ್ರ ಸ್ಫುಟವಾಗಿ ಬರಲಿ ಎಂದರೆ ಆಗದು. ತಾತ್ಕಾಲಿಕ ಉಪಾಯ ಲೆನ್ಸಿಗೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಎರಡರಷ್ಟು) ಬೆಳಕು ತಡೆಯುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್. ಅದು ನಡೆಯುತ್ತದೆ, ಆದರೆ ಫೋಕಸ್ ಹಿಡಿಯುವುದು ಕಷ್ಟವಾಗುತ್ತದೆ.

400ಕ್ಕೂ 200ಕ್ಕೂ ಇರುವುದು ಬರೀ ಒಂದು ಸ್ಟಾಪಿನ ಅಂತರ. 1/16ಕ್ಕೂ 1/128ಕ್ಕೂ ಮೂರು ಸ್ಟಾಪ್. ಚಿಕ್ಕ ಕೋಣೆಯವರು ಪೆಟ್ಟಿಗೆಯ ಮೇಲೆ ನೋಡಬೇಕಾದದ್ದು ಈ ಎರಡನೇ ಅಂಕಿ. ಜುಲೈಯಲ್ಲಿ ಮುಖದ ಬೆಳಕಿಗೆಂದು 200 ಜೂಲಿನ, 1/128ರವರೆಗೆ ಇಳಿಯುವ ಬ್ಯಾಟರಿ ಹೆಡ್ ತರಬೇಕಾಯಿತು. 27,000 ರೂಪಾಯಿ, ಜೊತೆಗೆ ಬೋವೆನ್ಸ್ ಬಾಯಿಯ ಬ್ರ್ಯಾಕೆಟ್ಟಿಗೆ 1,200. ಅದನ್ನೇ ಮೊದಲು ತಂದಿದ್ದರೆ ಒಂದು 400 ಉಳಿಯುತ್ತಿತ್ತು.

ಕ್ಯಾಮೆರಾದಿಂದ ಹೆಡ್ಡಿಗೆ ರೇಡಿಯೋ ಸಂಕೇತ ಕಳಿಸುವ ಟ್ರಿಗರ್ 4,800. ಕೊಳ್ಳುವಾಗ ಎಲ್ಲ ಹೆಡ್ಡುಗಳೂ ಒಂದೇ ರೇಡಿಯೋ ಪದ್ಧತಿಯವು ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಫ್ಲಾಶನ್ನು ತಂತಿಯಿಂದ ನೇರ ಕ್ಯಾಮೆರಾಗೆ ಜೋಡಿಸಬೇಡಿ. ಕೆಲವು ಹಳೆಯವುಗಳ ಸಿಂಕ್ ವೋಲ್ಟೇಜ್ (ಆ ತಂತಿಯಲ್ಲಿ ಬರುವ ವೋಲ್ಟೇಜ್) ಈಗಿನ ಕ್ಯಾಮೆರಾ ತಡೆಯುವುದಕ್ಕಿಂತ ಬಹಳ ಹೆಚ್ಚಿರುತ್ತದೆ.

ಮೊದಲ ದಿನವೇ ಎದುರಾದ ಮೂರು ಸಣ್ಣ ತೊಡಕುಗಳು. ಶಟರ್ ವೇಗ 1/250 ಸೆಕೆಂಡ್ ಇಟ್ಟಾಗ ಚಿತ್ರದ ಕೆಳಗೆ ಕಪ್ಪು ಪಟ್ಟಿ ಬಂತು. 1/160ಕ್ಕೆ ಇಳಿಸಿದಾಗ ಹೋಯಿತು, ಈಗ 1/125ರಲ್ಲೇ ನಿಲ್ಲಿಸಿದ್ದೇನೆ. ಮಿರರ್‌ಲೆಸ್ ಕ್ಯಾಮೆರಾದ ಪರದೆ ಕಗ್ಗತ್ತಲಾಗಿತ್ತು. ಎಕ್ಸ್‌ಪೋಷರ್ ಸಿಮ್ಯುಲೇಷನ್ (ಬರಲಿರುವ ಚಿತ್ರದ ಬೆಳಕನ್ನು ಪರದೆಯಲ್ಲೇ ತೋರಿಸುವುದು) ಆಫ್ ಮಾಡಬೇಕು. ಸೈಲೆಂಟ್ ಶಟರ್ ಆನ್ ಇದ್ದುದರಿಂದ ಫ್ಲಾಶ್ ಹೊಡೆಯಲೇ ಇಲ್ಲ. ಮೆಕ್ಯಾನಿಕಲ್ ಶಟರಿಗೆ ಬದಲಿಸಿದೆ.

ಹಂತ 3, ಮೇ 18: ಬಿಳಿ ಕೊಡೆ, ಎರಡನೇ ತಪ್ಪು

ಅಗ್ಗ, ಹಗುರ, ಮಡಿಚಿಡಬಹುದು ಎಂದು 109 ಸೆಂ.ಮೀ. ಬಿಳಿ ಅಂಬ್ರೆಲಾ, 700 ರೂಪಾಯಿ. ಬೆಳಕು ಬಟ್ಟೆಯ ಮೂಲಕ ಮುಂದೆ ಬರುವ ಬಗೆಯದು. ಮೃದು ಬೆಳಕು ಬಂತು, ಅದರ ಜೊತೆ ಇಡೀ ಕೋಣೆಯೇ ಬೆಳಗಿತು. ಇಂಥ ಕೊಡೆಯಲ್ಲಿ ಬೆಳಕಿನ ಒಂದು ಪಾಲು ಬಟ್ಟೆಯಿಂದ ತಿರುಗಿ ಹಿಂದಕ್ಕೆ ಹೋಗುತ್ತದೆ. ದೊಡ್ಡ ಸಭಾಂಗಣದಲ್ಲಿ ಅದು ಕಳೆದುಹೋಗುತ್ತದೆ; 11 ಅಡಿ ಅಗಲದಲ್ಲಿ ಹಳದಿ ಗೋಡೆಗೆ, ಕಂದು ಹಲಗೆಗೆ ಬಡಿದು ಹಳದಿಯಾಗಿಯೇ ಮರಳಿ ಬರುತ್ತದೆ. ನೆರಳಿನ ಬದಿಯ ಕೆನ್ನೆ ಅರಿಶಿನ ಹಚ್ಚಿದ ಹಾಗೆ. ವೈಟ್ ಬ್ಯಾಲೆನ್ಸ್ (ಚಿತ್ರದ ಒಟ್ಟು ಬಣ್ಣದ ಸಮತೋಲ) ತಿದ್ದಿದರೆ ನೆರಳಿನ ಬದಿ ಸರಿಹೋಗಿ ಬೆಳಕಿನ ಬದಿ ನೀಲಿಗೆ ತಿರುಗಿತು. ಎರಡು ಬಣ್ಣದ ಬೆಳಕನ್ನು ಒಂದೇ ತಿದ್ದುಪಡಿಯಲ್ಲಿ ಸರಿಮಾಡಲಾಗದು.

ಮುಚ್ಚಿಗೆಗೆ ಬಿಳಿ ಬಳಿಯಲು ಮನೆಯ ಯಜಮಾನರ ಒಪ್ಪಿಗೆ ಇರಲಿಲ್ಲ. ಬದಲಿಗೆ ಮೀಟರಿಗೆ 90 ರೂಪಾಯಿಯ ಕಪ್ಪು ಬಟ್ಟೆ 10 ಮೀಟರ್ ತಂದು, ಮೊಳೆ ಹೊಡೆಯದೆ ತೊಲೆಯಿಂದ ತೊಲೆಗೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ಹರಡಿದೆ. ಹಳದಿ ಅರ್ಧಕ್ಕರ್ಧ ಇಳಿಯಿತು. ಹೊಳೆಯುವ ಸ್ಯಾಟಿನ್ ಬೇಡ, ಮಂಕಾದ ಹತ್ತಿ ಬಟ್ಟೆಯೇ ಬೇಕು.

ಹಂತ 4, ಮೇ 25: ಕೆಂಪು ನೆಲ

ಇದನ್ನು ಹುಡುಕಲು ಒಂದು ವಾರ ಹಿಡಿಯಿತು. ಮುಚ್ಚಿಗೆಗೆ ಕಪ್ಪು ಬಟ್ಟೆ ಹರಡಿ ಹಳದಿ ಇಳಿದ ಮೇಲೂ ಗಲ್ಲದ ಕೆಳಗೆ, ಅಂಗಿಯ ಬಿಳಿ ತೋಳಿನ ಕೆಳಭಾಗದಲ್ಲಿ ಕೆಂಪು ಛಾಯೆ ಉಳಿದಿತ್ತು. ಚರ್ಮದ ಬಣ್ಣವೇ ಹೀಗೆ ಎಂದುಕೊಂಡು ಕಂಪ್ಯೂಟರಿನಲ್ಲಿ ತಿದ್ದುತ್ತಾ ಹೋದದ್ದು ತಪ್ಪು. ಪರೀಕ್ಷೆ ಸುಲಭ: ಆಳು ನಿಲ್ಲುವ ಜಾಗದಲ್ಲಿ ಬಿಳಿ ಹಾಳೆಯನ್ನು ನೆಲಕ್ಕೆ ಮುಖ ಮಾಡಿ ಅಡ್ಡಲಾಗಿ ಹಿಡಿದು ಕೆಳಗಿನಿಂದ ಒಂದು ಚಿತ್ರ ತೆಗೆಯಿರಿ. ಹಾಳೆ ಗುಲಾಬಿ ಬಣ್ಣದಲ್ಲಿ ಬಂತು. ಎಣ್ಣೆ ಹಚ್ಚಿ ಉಜ್ಜಿದ ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಕೆಂಪನ್ನು ಮೇಲಕ್ಕೆ ಎಸೆಯುತ್ತದೆ. ಕೊಡಗಿನ ಹಳೆಯ ಮನೆಗಳಲ್ಲಿ ಚಿತ್ರ ತೆಗೆಯುವವರು ಬೇರೆಲ್ಲಕ್ಕಿಂತ ಮೊದಲು ನೆಲ ನೋಡಿಕೊಳ್ಳಲಿ.

ಮಂಕು ಬೂದುಬಣ್ಣದ ವಿನೈಲ್ ಹಾಸು, 2×2 ಮೀಟರ್, 1,400 ರೂಪಾಯಿ. ಆಳಿನ ಮುಂದೆ 1.5 ಮೀಟರ್ ಬರುವಂತೆ ಹಾಸಿದ ಮೇಲೆ ಕೆಂಪು ಹೋಯಿತು. ಬಿಳಿ ಹಾಸು ಬೇಡ. ಕೆಳಗಿನಿಂದ ಬೆಳಕು ಎದ್ದು ಮುಖದ ಆಕಾರ ಕೆಡುತ್ತದೆ.

ಹಂತ 5, ಜೂನ್ 1: ಒಂದೇ ಜಾಗ, ಒಂದೇ ಶಕ್ತಿ, ಬೇರೆ ಬೇರೆ ಮಾಡಿಫೈಯರ್

ಊಹೆ ಬಿಟ್ಟು ಬೆಳಕು ಅಳೆಯುವ ಮೀಟರ್ ಹಿಡಿದದ್ದು ಇಲ್ಲಿ. 400 ಜೂಲಿನ ಹೆಡ್ 1/8ರಲ್ಲಿ, ದೂರ 1.2 ಮೀಟರ್, ಐಎಸ್‌ಒ 100. ಮೊದಲು ಫ್ಲಾಶ್ ಇಲ್ಲದೆ 1/125, ಎಫ್ 8ರಲ್ಲಿ ಒಂದು ಚಿತ್ರ ತೆಗೆದು ಅದು ಪೂರ್ತಿ ಕಪ್ಪು ಬಂತೆಂದು ನೋಡಿಕೊಂಡೆ. ಕಿಟಕಿಯ, ಟ್ಯೂಬ್‌ಲೈಟಿನ ಬೆಳಕು ಸೇರಿದರೆ ಯಾವ ಅಳತೆಯೂ ನಂಬುವಂತಿಲ್ಲ.

ಹೆಡ್ಡಿನ ಜೊತೆ ಬರುವ ಲೋಹದ ರಿಫ್ಲೆಕ್ಟರ್: ಎಫ್ 19
ಬೆಳ್ಳಿ ಒಳಪದರದ ಕೊಡೆ: ಎಫ್ 13
ಬಿಳಿ ಕೊಡೆ: ಎಫ್ 9
90 ಸೆಂ.ಮೀ. ಆಕ್ಟಾ, ಒಳಬಟ್ಟೆ ಹೊರಬಟ್ಟೆ ಎರಡೂ: ಎಫ್ 7.1
ಅದೇ ಆಕ್ಟಾ, ಮೇಲೆ ಬಟ್ಟೆಯ ಗ್ರಿಡ್ (ಚೌಕ ಚೌಕದ ಜಾಲ): ಎಫ್ 5
30×120 ಸೆಂ.ಮೀ. ಸ್ಟ್ರಿಪ್ (ಉದ್ದನೆಯ ಕಿರಿದಾದ ಬಟ್ಟೆಯ ಪೆಟ್ಟಿಗೆ), ಗ್ರಿಡ್ ಸಹಿತ: ಎಫ್ 5

ರಿಫ್ಲೆಕ್ಟರಿನಿಂದ ಗ್ರಿಡ್ ಹಾಕಿದ ಆಕ್ಟಾವರೆಗೆ ಸುಮಾರು ನಾಲ್ಕು ಸ್ಟಾಪ್ ನಷ್ಟ. ಅಷ್ಟಾದರೂ 1/4 ಶಕ್ತಿಯಲ್ಲಿ ಎಫ್ 7.1 ಸಿಗುತ್ತದೆ, ಅದು ಪೋರ್ಟ್ರೇಟಿಗೆ ಧಾರಾಳ. ಆರು ಜನರ ಗುಂಪಿಗೆ ಬೆಳ್ಳಿ ಕೊಡೆಯನ್ನು 2.4 ಮೀಟರಿಗೆ ಒಯ್ದಾಗ ಎರಡು ಸ್ಟಾಪ್ ಇಳಿದು 1/4ರಲ್ಲಿ ಎಫ್ 9 ಬಂತು.

ಆಕ್ಟಾಗೆ ಗ್ರಿಡ್ ಸೇರಿ 4,200 ರೂಪಾಯಿ. ಈ ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಕೆಲಸ ಮಾಡಿದ್ದು ಆ ಗ್ರಿಡ್ಡೇ. ಬೆಳಕನ್ನು ಗೋಡೆಗೆ ಹೋಗಗೊಡದೆ ಮುಂದಕ್ಕಷ್ಟೇ ಬಿಡುತ್ತದೆ. ಹಳದಿ ಗೋಡೆಯ ತೊಂದರೆ ಪೂರ್ತಿ ನಿಂತದ್ದು ಇದು ಬಂದ ಮೇಲೆ. ಗ್ರಿಡ್ ಬೇರೆಯಾಗಿ ಕೊಂಡರೆ ಅಳತೆ ಹೊಂದುವುದಿಲ್ಲ, ಸಾಫ್ಟ್‌ಬಾಕ್ಸ್ ಜೊತೆಗೇ ಬರುವುದನ್ನು ಆರಿಸಿ. ಹೊರಬಟ್ಟೆ ಒಳಕ್ಕೆ ನಾಲ್ಕಾರು ಸೆಂ.ಮೀ. ತಗ್ಗಿ ಕೂರುವ ಮಾದರಿಯಾದರೆ ಮಾತ್ರ ಗ್ರಿಡ್ ನಿಲ್ಲುತ್ತದೆ.

ದೂರದ ಬಗ್ಗೆ ಒಂದು ಲೆಕ್ಕ. ಬೆಳಕು ಆಳಿನಿಂದ 1.2 ಮೀಟರ್, ಹಿನ್ನೆಲೆ ಆಳಿನ ಹಿಂದೆ 1.5 ಮೀಟರ್ ಇದ್ದರೆ ಹಿನ್ನೆಲೆ 2.3 ಸ್ಟಾಪ್ ಕಪ್ಪಾಗುತ್ತದೆ. ಬೆಳಕನ್ನು 2.4 ಮೀಟರಿಗೆ ಸರಿಸಿದರೆ 1.4 ಸ್ಟಾಪ್ ಮಾತ್ರ. ಒಂದೇ ಬೂದು ಕಾಗದ ಗಾಢವಾಗಿಯೂ ತಿಳಿಯಾಗಿಯೂ ಬರುವುದು ಹೀಗೆ. ಹಾಗಾಗಿ ಎರಡು ಬಣ್ಣದ ಕಾಗದ ಕೊಳ್ಳಲಿಲ್ಲ.

ಹಂತ 6, ಜೂನ್ 8ರಿಂದ 22: ಕುಪ್ಯ

ಕಪ್ಪು ಕುಪ್ಯ, ಅದರ ಒಳಗಿನಿಂದ ಬರುವ ಬಿಳಿ ಅಂಗಿಯ ತೋಳು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಬೆಳ್ಳಿಯ ಪೀಚೆಕತ್ತಿ. ಬೆಳಕಿಗೆ ಇದಕ್ಕಿಂತ ಕಷ್ಟದ ಉಡುಪು ಸಿಗಲಿಕ್ಕಿಲ್ಲ. ಎರಡು ವಾರ ಇದಕ್ಕೇ ಹೋಯಿತು.

ಮೊದಲ ಪ್ರಯತ್ನ: ಒಂದೇ ಆಕ್ಟಾ, ಕ್ಯಾಮೆರಾದ ಎಡಕ್ಕೆ 45 ಡಿಗ್ರಿ. ಮುಖ ಚೆನ್ನ. ಕುಪ್ಯ ಮಾತ್ರ ಗಾಢ ಹಿನ್ನೆಲೆಯಲ್ಲಿ ಕರಗಿ, ಮುಖ ಮತ್ತು ತೋಳುಗಳು ಗಾಳಿಯಲ್ಲಿ ತೇಲುವ ಹಾಗೆ.

ಎರಡನೇ ಪ್ರಯತ್ನ: ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದೆ. ಬಟ್ಟೆಯ ನೇಯ್ಗೆ ಕಂಡಿತು, ತೋಳಿನ ಬಿಳಿ ಸುಟ್ಟುಹೋಯಿತು.

ಮೂರನೇ ಪ್ರಯತ್ನ ಸರಿಯಾಯಿತು. ಗ್ರಿಡ್ ಇರುವ ಸ್ಟ್ರಿಪ್ಪನ್ನು, 3,600 ರೂಪಾಯಿಯದು, ಆಳಿನ ಹಿಂದೆ ಬಲಕ್ಕೆ 1.2 ಮೀಟರಿನಲ್ಲಿ ನೆಟ್ಟಗೆ ನಿಲ್ಲಿಸಿ ಮುಖದ ಬೆಳಕಿಗಿಂತ ಒಂದು ಸ್ಟಾಪ್ ಹೆಚ್ಚು ಕೊಟ್ಟೆ: ಮುಂದೆ ಎಫ್ 7.1, ಹಿಂದಿನಿಂದ ಎಫ್ 10. ಕಪ್ಪು ಬಟ್ಟೆ ಎದುರಿನ ಬೆಳಕನ್ನು ನುಂಗುತ್ತದೆ. ಓರೆಯಾಗಿ ಸವರಿ ಬರುವ ಬೆಳಕಿಗೆ ಮಾತ್ರ ಅಂಚು ಹೊಳೆಯುತ್ತದೆ. ಹೆಗಲಿನಿಂದ ಕುಪ್ಯದ ಕೆಳ ಅಂಚಿನವರೆಗೆ ಗೆರೆ ಒಂದೇ ಸಮ ಬರಲು 120 ಸೆಂ.ಮೀ. ಉದ್ದ ಬೇಕೇ ಬೇಕು. ಇಲ್ಲಿ 400 ಜೂಲಿನ ಹೆಡ್ 1/2ರಲ್ಲಿ ನಡೆಯುತ್ತದೆ. ಇಡೀ ಜೋಡಣೆಯಲ್ಲಿ ಆ ಶಕ್ತಿ ಕೆಲಸಕ್ಕೆ ಬಂದ ಜಾಗ ಇದೊಂದೇ. ಗ್ರಿಡ್ ಇಲ್ಲದ ಸ್ಟ್ರಿಪ್ ನೇರ ಲೆನ್ಸಿಗೆ ಬಿದ್ದು ಕಪ್ಪನ್ನು ಬೂದಿ ಮಾಡುತ್ತದೆ, ಲೆನ್ಸಿಗೆ ಹುಡ್ ಹಾಕಿದರೂ.

ಪೀಚೆಕತ್ತಿಯ ಒರೆ ಕಪ್ಪಗೆ ಬರುತ್ತಿತ್ತು, ನಡುವೆ ಎರಡು ಸುಟ್ಟ ಚುಕ್ಕಿ. ಹೊಳಪಿನ ಬೆಳ್ಳಿಗೆ ಸ್ವಂತ ಬಣ್ಣವಿಲ್ಲ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗಿದ್ದದ್ದು ಕತ್ತಲ ಕೋಣೆ. ಒಬ್ಬರು ಲೆನ್ಸಿನ ಎತ್ತರದಲ್ಲಿ ಕಣ್ಣಿಟ್ಟು ಒರೆಯನ್ನು ನೋಡುತ್ತಿರಬೇಕು, ಇನ್ನೊಬ್ಬರು 2×1.5 ಅಡಿ ಬಿಳಿ ಥರ್ಮಾಕೋಲನ್ನು ಸೊಂಟದ ಮಟ್ಟದಲ್ಲಿ ಸುತ್ತಾಡಿಸಬೇಕು. ಬೆಳ್ಳಿ ಇದ್ದಕ್ಕಿದ್ದಂತೆ ಬಿಳಿ ತುಂಬಿಕೊಳ್ಳುವ ಒಂದು ಕೋನ ಇರುತ್ತದೆ, ಅಲ್ಲಿ ಸ್ಟ್ಯಾಂಡಿಗೆ ಕಟ್ಟಿ. ನಮ್ಮ ಅಳತೆಯಲ್ಲಿ ಅದು ಕ್ಯಾಮೆರಾದ ಎಡಕ್ಕೆ, ಆಳಿನಿಂದ 80 ಸೆಂ.ಮೀ. ಆಳು ಅರ್ಧ ಹೆಜ್ಜೆ ತಿರುಗಿದರೂ ಮತ್ತೆ ಹುಡುಕಬೇಕು. ಪಾದದ ಗುರುತಿಗೆ ಹಾಸಿನ ಮೇಲೆ ಟೇಪ್ ಅಂಟಿಸಿ.

ತಲೆಯ ಪೇಟ ಮಂಡೆತುಣಿ ಧರಿಸಿದಾಗ ಬೆಳಕು ಮೇಲಿದ್ದರೆ ಅದರ ಅಂಚಿನ ನೆರಳು ಹಣೆಗೆ ಬೀಳುತ್ತದೆ. ಆಕ್ಟಾದ ನಡುಬಿಂದು ನೆಲದಿಂದ 2 ಮೀಟರ್ ಇದ್ದದ್ದನ್ನು 1.75ಕ್ಕೆ ಇಳಿಸಿದ ಮೇಲೆ ಕಣ್ಣು ತೆರೆದುಕೊಂಡವು.

ಮದುಮಗನದು ಬಿಳಿ ಕುಪ್ಯ, ಪಕ್ಕದಲ್ಲಿ ಕೆಂಪು ಸೀರೆಯ ಮದುಮಗಳು. ಸೀರೆಯ ಕೆಂಪು ಬಿಳಿ ಕುಪ್ಯದ ಒಂದು ಬದಿಗೆ ಹತ್ತಿಕೊಳ್ಳುತ್ತದೆ. ಮದುಮಗಳನ್ನು ಬೆಳಕಿನ ಬದಿಗೆ ನಿಲ್ಲಿಸಿದರೆ ಸೀರೆಯ ಬೆಳಗಿದ ಭಾಗ ಮದುಮಗನಿಂದ ಆಚೆ ತಿರುಗಿರುತ್ತದೆ, ಕೆಂಪು ಬಹಳ ಕಡಿಮೆಯಾಗುತ್ತದೆ. ಆಗ ಆಕೆ ಬೆಳಕಿಗೆ ಹತ್ತಿರವಾಗುವುದರಿಂದ ಆಕ್ಟಾದ ಮೂತಿಯನ್ನು ಮದುಮಗನ ಕಡೆಗೆ ತಿರುಗಿಸಿ, ಅಂಚಿನ ಬೆಳಕಷ್ಟೇ ಆಕೆಗೆ ಬೀಳಲಿ. ಹಿಸ್ಟೋಗ್ರಾಮಿನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಗೆರೆಯನ್ನು ಬೇರೆಯಾಗಿ ನೋಡಿ: ಒಟ್ಟು ಎಕ್ಸ್‌ಪೋಷರ್ ಸರಿ ಇದ್ದಾಗಲೂ ಕೆಂಪು ರೇಷ್ಮೆ ಅಂಚು ದಾಟಿ ಒಂದೇ ಮುದ್ದೆಯಾಗಿರುತ್ತದೆ. 1/3 ಸ್ಟಾಪ್ ಇಳಿಸಿದಾಗ ಜರಿ, ನೇಯ್ಗೆ ಮರಳಿ ಬಂದವು.

ಹಿಂಬದಿಯ ನೆರಿಗೆ ಕೊಡವ ಸೀರೆಯ ಗುರುತು. ಅದಕ್ಕೆ ಬೇರೆಯೇ ಒಂದು ಚಿತ್ರ ತೆಗೆಯಬೇಕು, ಸ್ಟ್ರಿಪ್ಪನ್ನು ಪಕ್ಕದಿಂದ 80 ಡಿಗ್ರಿಯಲ್ಲಿ ಇಟ್ಟು. ಆಕ್ಟಾದ ಬೆಳಕಿನಲ್ಲಿ ನೆರಿಗೆ ಚಪ್ಪಟೆ.

ಹಂತ 7, ಜೂನ್ 29: ಹಿನ್ನೆಲೆ ಮತ್ತು ಥರ್ಮಾಕೋಲ್

600 ರೂಪಾಯಿ ಕೊಟ್ಟು ಮಾಡಿಸಿದ ಬೂದು ಫ್ಲೆಕ್ಸ್ ಹಿನ್ನೆಲೆಯಾಗಿ ಸೋತಿತು. ಹೊಳಪು ಜಾಸ್ತಿ, ಸ್ಟ್ರಿಪ್ಪಿನ ಗೆರೆ ಅದರಲ್ಲೇ ಕಾಣುತ್ತದೆ. ಬಳಿಕ 2.72×11 ಮೀಟರಿನ ಬೂದು ಕಾಗದದ ರೋಲ್, 6,200. ಒಂದೇ ವಾರದ ಮಳೆಗೆ ಅದರಲ್ಲಿ ಅಲೆ ಎದ್ದವು. ಕೆಲಸ ಮುಗಿದ ಕೂಡಲೇ ಸುತ್ತಿ, ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಅಡ್ಡ ಮಲಗಿಸಿದರೆ ನಡು ಬಾಗುತ್ತದೆ. ಅಲೆ ಬಿದ್ದ ದಿನ ಆಳನ್ನು ಇನ್ನೊಂದು ಅಡಿ ಮುಂದೆ ತಂದು, ಹಿನ್ನೆಲೆಗೆ ಪಕ್ಕದಿಂದ ಬೆಳಕು ಬೀಳದಂತೆ ನೋಡಿಕೊಂಡರೆ ಕಾಣಿಸುವುದಿಲ್ಲ.

ಹಿನ್ನೆಲೆ ತಿಳಿಯಾಗಿ ಬೇಕಾದರೆ ಎರಡನೇ 400ನ್ನು ಅದಕ್ಕೇ ಬಿಡಿ. ತಿಳಿಯಾಗಲು ಮುಖದ ಬೆಳಕಿಗಿಂತ ಒಂದು ಸ್ಟಾಪ್ ಹೆಚ್ಚು ಸಾಕು. ಎರಡು ಸ್ಟಾಪ್ ಕೊಟ್ಟಾಗ ಬೆಳಕು ಸುತ್ತಿಬಂದು ಕರಿ ಕುಪ್ಯದ ಅಂಚು ತಿಂದಿತು.

ಎರಡು ಇಂಚು ದಪ್ಪ, 6×3 ಅಡಿಯ ಥರ್ಮಾಕೋಲ್ ನಾಲ್ಕು, 2,000 ರೂಪಾಯಿ. ಒಂದು ಬದಿ ಕಪ್ಪು ಮಾಡಲು ಸ್ಪ್ರೇ ಪೇಂಟ್ ಹೊಡೆದದ್ದು ತಪ್ಪು. ದ್ರಾವಕ ತಾಗಿ ಹಾಳೆ ಗುಳಿ ಗುಳಿ ಕರಗಿತು. ಉಳಿದ ಮೂರಕ್ಕೆ ಕಪ್ಪು ಬಟ್ಟೆಯ ತುಂಡನ್ನು ಫೆವಿಕಾಲಿನಿಂದ ಅಂಟಿಸಿದೆ.

ಜೇನಿನ ಬಾಟಲಿಗೂ ಇದೇ ಸಾಮಾನು ಸಾಕು. ಬಾಟಲಿಯ ಹಿಂದೆ ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಬಿಳಿ ಕಾರ್ಡ್, ಸ್ಟ್ರಿಪ್ ಹಿಂದಿನಿಂದ ಪಕ್ಕಕ್ಕೆ. ಕಾರ್ಡ್ ಇಲ್ಲದಿದ್ದರೆ ಜೇನು ಕಷಾಯದ ಹಾಗೆ ಕಪ್ಪು.

ಹಂತ 8, ಜುಲೈ 6: ಕರೆಂಟ್

ಸಂಜೆ ವೋಲ್ಟೇಜ್ 180ಕ್ಕೆ ಇಳಿದಾಗ, ಒಂದು ಸೆಕೆಂಡಿಗೆ ತುಂಬುತ್ತಿದ್ದ ಹೆಡ್ ಮೂರು ಸೆಕೆಂಡ್ ತೆಗೆದುಕೊಂಡಿತು. ಬೀಪ್ ಬರುವ ಮೊದಲು ಕ್ಲಿಕ್ ಮಾಡಿದ ಚಿತ್ರಗಳೆಲ್ಲ ಕಪ್ಪಾಗಿ ಬಂದವು. ಬೀಪ್ ಆಫ್ ಮಾಡಬೇಡಿ. ಹೆಡ್ ತುಂಬುವಾಗ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತದೆ. ಲೈಟಿನ ಸಾಲಿನ 6 ಆಂಪಿಯರ್ ಎಂಸಿಬಿ ಎರಡು ಸಲ ಬಿತ್ತು. ಈಗ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ಗಿನಿಂದಲೇ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಇದನ್ನು ಜೋಡಿಸುವಂತಿಲ್ಲ, ಹೆಡ್ಡೂ ಕೆಡುತ್ತದೆ ಇನ್ವರ್ಟರೂ ಕೆಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಬ್ಯಾಟರಿ ಹೆಡ್ ತರಿಸಲು ಅದೂ ಒಂದು ಕಾರಣ. ಪೂರ್ತಿ ಶಕ್ತಿಯಲ್ಲಿ ಅದು ಸುಮಾರು 500 ಸಲ ಹೊಡೆಯುತ್ತದೆ, ನಮ್ಮ ಕೆಲಸ 1/2ರಲ್ಲಿ ನಡೆಯುವುದರಿಂದ ಹತ್ತಿರಹತ್ತಿರ ಅದರ ಎರಡರಷ್ಟು.

ಹೆಡ್ಡಿನ ಫ್ಲಾಶ್ ಟ್ಯೂಬ್ ಬದಲಿಸುವುದಾದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹೆಡ್ ತಣ್ಣಗಾಗುವವರೆಗೆ ಬಿಡಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹೆಡ್ಡಿನ ಪೆಟ್ಟಿಗೆಯನ್ನಂತೂ ತೆರೆಯಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಹಂತ 9, ಜುಲೈ 20ರಿಂದ: ಬೂಷ್ಟು

ಕೋಣೆಯ ತೇವ ಅಳೆಯುವ ಹೈಗ್ರೋಮೀಟರ್ ಶೇ. 90 ದಾಟಿ ಅಲ್ಲೇ ನಿಂತಿತು. ಹತ್ತು ದಿನ ಮಡಿಚಿಟ್ಟ ಆಕ್ಟಾದ ಹೊರಬಟ್ಟೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿಗಳು ಬಂದವು. ಸೋಪಿನ ನೀರಲ್ಲಿ ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು ಇನ್ನೊಂದು ತಪ್ಪು: ಹೊಗೆ ಹಿಡಿದು ಬಟ್ಟೆ ಹಳದಿಯಾಯಿತು, ಅದರ ಬೆಳಕೂ ಹಳದಿ. ಹೊಸ ಹೊರಬಟ್ಟೆ ಬಿಡಿಯಾಗಿ ಸಿಗದೆ ಈಗ ಆಕ್ಟಾವನ್ನು ಗ್ರೇ ಕಾರ್ಡ್ (ಬಣ್ಣ ತಿದ್ದಲು ಆಧಾರವಾಗುವ ಬೂದು ಹಾಳೆ) ಹಿಡಿದೇ ಬಳಸಬೇಕಾಗಿದೆ.

ಈಗಿನ ವ್ಯವಸ್ಥೆ: ಮರದ ಬೀರುವಿನ ತಳದಲ್ಲಿ 40 ವ್ಯಾಟಿನ ಹಳೇ ತಂತಿ ಬಲ್ಬ್, ಸುತ್ತ ಕಬ್ಬಿಣದ ಜಾಳಿಗೆ, ಬಟ್ಟೆಗಳು ಅದರಿಂದ ಒಂದೂವರೆ ಅಡಿ ಮೇಲೆ, ಮಡಿಚದೆ ತೂಗುಹಾಕಿ. ಒಳಗೆ ತೇವ 55ರಿಂದ 60ರೊಳಗೆ ಉಳಿದಿದೆ. ಕ್ಯಾಮೆರಾ, ಲೆನ್ಸ್ ಮಾತ್ರ ಬೇರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ. ಕೊಡೆಯ ಕಡ್ಡಿ, ಸ್ಪೀಡ್ ರಿಂಗಿನ (ಆಕ್ಟಾದ ಕಡ್ಡಿಗಳು ಕೂರುವ ಬಳೆ) ತೂತು, ಸ್ಟ್ಯಾಂಡಿನ ಸ್ಕ್ರೂಗಳಿಗೆ ತಿಂಗಳಿಗೊಮ್ಮೆ ಹೊಲಿಗೆಯಂತ್ರದ ಎಣ್ಣೆ, ಒರೆಸಿ ತೆಗೆದಷ್ಟು ಮಾತ್ರ.

ಸ್ಟ್ಯಾಂಡಿನ ಕಾಲಿಗೆ ಹಾಕಿದ ಮರಳಿನ ಚೀಲ ನೀರು ಹೀರಿ, ತಾಗಿದ ಕಡೆ ತುಕ್ಕು ಹಿಡಿಸಿತು. ಮರಳು ಸುರಿದು ತೊಳೆದು ಒಣಗಿಸಿದ ಸಣ್ಣ ಜಲ್ಲಿ ತುಂಬಿದೆ, ಚೀಲಕ್ಕೆ 5 ಕೆ.ಜಿ. ಗ್ರಿಡ್ ಹಾಕಿದ ಆಕ್ಟಾಗೆ ಎರಡು ಚೀಲ, ಮುಂದೆ ಚಾಚಿದ ಕಾಲಿನ ಮೇಲೆ ಆಕ್ಟಾ ಬರುವಂತೆ.

ಲೆಕ್ಕ

ಮೇಲೆ ಹೇಳಿದ್ದಲ್ಲದೆ ಬೆಳ್ಳಿ ಕೊಡೆ 850, ಸ್ಟ್ಯಾಂಡ್ ಮೂರಕ್ಕೆ 5,700. ಒಟ್ಟು 84,150 ರೂಪಾಯಿ. ಇದರಲ್ಲಿ ಬಿಳಿ ಕೊಡೆ, ಫ್ಲೆಕ್ಸ್, ಕರಗಿದ ಥರ್ಮಾಕೋಲ್ ಸೇರಿ 1,800 ಪೂರ್ತಿ ವ್ಯರ್ಥ. ಮತ್ತೆ ಮೊದಲಿನಿಂದ ಮಾಡುವುದಾದರೆ ಕೊಳ್ಳುವ ಕ್ರಮ ಹೀಗೆ: ನೆಲದ ಹಾಸು, ಕಪ್ಪು ಬಟ್ಟೆ, ಗ್ರಿಡ್ ಇರುವ 90ರ ಆಕ್ಟಾ, 200ರ ಬ್ಯಾಟರಿ ಹೆಡ್, ಟ್ರಿಗರ್, ಸ್ಟ್ರಿಪ್, ಅದಕ್ಕೊಂದು 400.

ಬಾಕಿ ಇರುವುದು: ಬ್ಯಾಟರಿ ಹೆಡ್ ಬಂದ ಮೇಲೆ ಬಳಸದೆ ಪೆಟ್ಟಿಗೆಯಲ್ಲಿರುವ ಎರಡನೇ 400ನ್ನು ಮಳೆ ನಿಂತ ಮೇಲೆ ಎಬ್ಬಿಸುವುದು. ತಿಂಗಳುಗಟ್ಟಲೆ ಸುಮ್ಮನಿದ್ದ ಹೆಡ್ಡನ್ನು ಒಮ್ಮೆಲೇ ಪೂರ್ತಿ ಶಕ್ತಿಗೆ ಏರಿಸಿದರೆ ಕೆಪಾಸಿಟರ್ ಕೆಡಬಹುದು. 1/16ರಲ್ಲಿ ಅರ್ಧ ಗಂಟೆ ಆನ್ ಇಟ್ಟು, ಆಗಾಗ ಒಂದೊಂದು ಹೊಡೆದು, ಆಮೇಲೆ 1/8, 1/4 ಎಂದು ಏರಿಸಬೇಕು. ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಮೊದಲು ಒಂದು ಭಾನುವಾರ ಅದಕ್ಕೆ ಇಟ್ಟುಕೊಂಡಿದ್ದೇನೆ.